ಟೈಬೀರಿಯಸ್‌ನ ಮೂಗು

ಹೆಬ್ಬೆಯ ಆಸುಪಾಸಿನವರಿಗೆ ಬೇರೆ ಹವ್ಯಾಸಕ್ಕೆ ಪುರುಸೊತ್ತಿಲ್ಲ. ನೆಂಟರು ಬಂದರೆ ಜಲಪಾತ ತೋರಿಸಬೇಕು. ದೊಡ್ಡ ಹೆಬ್ಬೆ ತೋರಿಸಿದರೆ ಚಿಕ್ಕ ಹೆಬ್ಬೆ ಎಲ್ಲಿ ಅನ್ನುತ್ತಾರೆ. ಇದರ ನಡುವೆ ನನಗೆ ಹಿಡಿದದ್ದು ರೋಮನ್ ನಾಣ್ಯದ ಹುಚ್ಚು. ಭೂತಗನ್ನಡಿಯಿದೆ, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಿದೆ, ಫೋಟೊ ಅಂಟಿಸಿದ ದಪ್ಪ ಪುಸ್ತಕವಿದೆ. ನಾಣ್ಯವೊಂದಿಲ್ಲ, ಅಷ್ಟೆ.

ಇಲ್ಲಿಗೂ ರೋಮಿಗೂ ಏನು ಸಂಬಂಧ ಎಂದವರಿಗೆ ತೋಟದ ಮೆಣಸಿನ ಬಳ್ಳಿ ತೋರಿಸುತ್ತೇನೆ. ಘಟ್ಟದ ಕಾಳುಮೆಣಸಿಗೆ ಆ ಜನ ಬೆಳ್ಳಿಬಂಗಾರ ಸುರಿದರು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಇಂಡಿಯಾ ನುಂಗುತ್ತಿದೆ ಎಂದು ಒಂದನೆಯ ಶತಮಾನದಲ್ಲೇ ರೋಮಿನ ಲೇಖಕ ಪ್ಲಿನಿ ಗೊಣಗಿದ್ದಾನೆ. ತಿಂದವರೇ ಹಾಗೆ ಗೊಣಗಿದ ಮೇಲೆ, ದರ ಬಿದ್ದಾಗ ಬೆಳೆದವರು ಗೊಣಗಿದರೆ ತಪ್ಪೇನು?

ಆ ಹಣ ನಮ್ಮ ನಾಡಿನಲ್ಲೂ ಉದುರಿದೆ. ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯ ಸಿಕ್ಕವು, ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 1965ರಲ್ಲಿ 256. ನಮ್ಮ ಕಡೆಗೆ ಹತ್ತಿರದ್ದು ಚಿತ್ರದುರ್ಗದ ಚಂದ್ರವಳ್ಳಿ. ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಜಾಗ. ಶಾತವಾಹನರ ಕಾಸಿನ ಜೊತೆಗೆ ರೋಮಿನ ದೊರೆಗಳಾದ ಅಗಸ್ಟಸ್, ಟೈಬೀರಿಯಸ್ ಕೂಡ ಅಲ್ಲಿ ಮಲಗಿದ್ದರು.

ಟೈಬೀರಿಯಸ್‌ನನ್ನು ಗುರುತಿಸುವುದು ಕಷ್ಟವಲ್ಲ. ಬಲಕ್ಕೆ ತಿರುಗಿದ ಮುಖ, ತಲೆಗೆ ಎಲೆಯ ಹಾರ, ಉದ್ದನೆಯ ಮೂಗು. ಹಿಂಬದಿಯಲ್ಲಿ ಕುರ್ಚಿಯ ಮೇಲೆ ಕೂತ ಹೆಂಗಸು. ಅವನ ತಾಯಿ ಲಿವಿಯಾ ಎನ್ನುವವರುಂಟು. ಗುರಾಣಿಗಳನ್ನು ಹಿಡಿದು ಇಬ್ಬರು ಹುಡುಗರು ನಿಂತಿದ್ದರೆ ಅದು ಅಗಸ್ಟಸ್‌ನದು, ಹುಡುಗರು ಮೊಮ್ಮಕ್ಕಳು. ಭಾರತದಲ್ಲಿ ಸಿಕ್ಕವುಗಳಲ್ಲಿ ಹಲವಕ್ಕೆ ಚಕ್ರವರ್ತಿಯ ಕೆನ್ನೆಯ ಮೇಲೆ ಉಳಿಯ ಗಾಯ. ಒಳಗೂ ಬೆಳ್ಳಿಯೇ ಎಂದು ಪರೀಕ್ಷಿಸಿದ್ದು ಎಂದು ಕೆಲವು ಪಂಡಿತರ ಊಹೆ. ನನಗದು ಸರಿಯೆನಿಸುತ್ತದೆ. ತೆಂಗಿನಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಕೊಳ್ಳದ ನಮ್ಮ ಜನ ರೋಮಿನ ದೊರೆಯನ್ನು ಬರೀ ಮುಖ ನೋಡಿ ನಂಬುತ್ತಾರೆಯೇ?

ಹುಚ್ಚಿನ ಸುದ್ದಿ ಹಬ್ಬಿದ ಮೇಲೆ ಮನೆಗೆ ನಾಣ್ಯಗಳು ಬರತೊಡಗಿದವು. "ಇದು ರೋಮಿಂದೇ ಮಾರಾಯ್ರೆ" ಎಂದು ಒಬ್ಬರು ತಂದದ್ದು 1943ರ ತೂತಿನ ಕಾಸು. ಇನ್ನೊಬ್ಬರದು ರಾಮ ಪಟ್ಟಾಭಿಷೇಕದ ಚಿತ್ರವಿದ್ದ, ಈಸ್ಟ್ ಇಂಡಿಯಾ ಕಂಪನಿಯ ಹೆಸರಿನ, 1818ರ ನಾಣ್ಯ. ಕೋಟಿ ಬೆಲೆಯಂತೆ! ಕಂಪನಿ ಅಂಥದ್ದನ್ನು ಅಚ್ಚು ಹಾಕಿಸಲೇ ಇಲ್ಲ, ಇದು ಜಾತ್ರೆ ಮಾಲು ಎಂದೆ. "ನಿಮಗೆ ಲ್ಯಾಟಿನ್ ಒಂದೇ ಬರೋದು ಬಿಡಿ" ಎಂದು ಕಿಸೆಗೆ ಹಾಕಿಕೊಂಡು ಹೋದರು. ನನಗೆ ಲ್ಯಾಟಿನ್ ಕೂಡ ಬರುವುದಿಲ್ಲ ಎಂಬ ಗುಟ್ಟು ಬಲ್ಲವಳು ಮನೆಯಾಕೆ ಒಬ್ಬಳೇ. "ರೀ, ಆ ಮೂಗು ಎಲ್ಲೂ ಹೋಗಲ್ಲ. ಮೊದಲು ಹಾಲಿನವನ ಲೆಕ್ಕ ನೋಡಿ" ಎನ್ನುತ್ತಾಳೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಅಡಿಕೆ ಗುಂಡಿ ತೆಗೆಯುವಾಗ ಉದ್ದ ಮೂಗಿನ ಬೆಳ್ಳಿಯವನು ಎದ್ದುಬಂದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರಗಳು ಸವೆದುಹೋಗುತ್ತವೆ. ಅಕ್ಕಸಾಲಿಯ ಕುಲುಮೆಗಂತೂ ಒಯ್ಯಲೇಬೇಡಿ. ನಿಧಿ ಕಾಯ್ದೆ ಹೇಳುವಂತೆ ಜಿಲ್ಲಾಧಿಕಾರಿಗೆ ತಿಳಿಸಿ. ಒಪ್ಪಿಸಲು ಹೋಗುವ ದಾರಿಯಲ್ಲಿ ನಮ್ಮಲ್ಲಿ ಒಂದು ಲೋಟ ಕಾಫಿ ಕುಡಿದು ಹೋಗಿ. ತಕ್ಕಡಿ ಸಿದ್ಧವಿರುತ್ತದೆ.