ಬಟ್ಟೆ ನಮ್ಮದು, ಭಾಷಣ ನಿಮ್ಮದು

ಧಾರವಾಡಕ್ಕೆ ಮಾತಿನ ಬರ ಎಂದೂ ಬಿದ್ದಿಲ್ಲ. 1918, 1940, 1957, 2019 ಹೀಗೆ ನಾಲ್ಕು ಸಲ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಬಂದು ಉಂಡು ಹೋಗಿದೆ. ಸಾಲದ್ದಕ್ಕೆ 2013ರಲ್ಲಿ ಶುರುವಾದ ಸಾಹಿತ್ಯ ಸಂಭ್ರಮ ಬೇರೆ. ಇಷ್ಟೊಂದು ಮಾತು ಪಕ್ಕದ ಗರಗಕ್ಕೆ ಹರಿಯಲಿಲ್ಲವೆಂಬ ಕೊರಗಿಗೆ, ‘ನಮ್ಮದೂ ಒಂದು ಆಗಲಿ’ ಎಂದು ಮಡಿವಾಳೇಶ್ವರ ಮಠದ ಕಟ್ಟೆಯ ಮೇಲೆ ಠರಾವು ಪಾಸಾಯಿತು ಎಂದಿಟ್ಟುಕೊಳ್ಳಿ.

ಮೊದಲು ಆಮಂತ್ರಣ ಪತ್ರಿಕೆ. ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಆಶಯ ನುಡಿ, ಪ್ರಾಸ್ತಾವಿಕ ನುಡಿ. ಯಾರಿಗೂ ಸಿಟ್ಟು ಬರಬಾರದೆಂದು ಇಡೀ ಪಂಚಕ್ರೋಶಿಯ ಹೆಸರು ಹಾಕಿದ್ದಾಯಿತು. ‘ಕೇಳವರ ಹೆಸರೂ ಹಾಕ್ರಿ, ಅವರರೆ ಬಂದಾರು’ ಎಂದ ಒಬ್ಬ ತಂಟೆಕೋರ.

ಕವಿಗೋಷ್ಠಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರದಿ ಮುಗಿದ ಕವಿ ನೇರ ಊಟದ ಸಾಲಿಗೆ ಹೋಗುತ್ತಾನೆ. ಕೊನೆಯ ಕವಿಗೆ ಉಳಿಯುವ ಶ್ರೋತೃ ಪೆಂಡಾಲಿನವನೊಬ್ಬನೇ, ಅವನೂ ಕುರ್ಚಿ ಎಣಿಸಲು.

ಮುಖ್ಯ ಆಕರ್ಷಣೆ ಎರಡನೇ ಗೋಷ್ಠಿ: ‘ಖಾದಿ: ಸಂವೇದನೆ ಮತ್ತು ಸವಾಲುಗಳು’. ವಿಷಯ ಸರಿಯೇ. ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಹೆಸರಾದ ಊರು ಇದು. ಅದನ್ನು ನೇಯಿಸುವ ಇಲ್ಲಿನ ಕ್ಷೇತ್ರೀಯ ಸೇವಾ ಸಂಘ ಹುಟ್ಟಿದ್ದು 1954ರಲ್ಲಿ. ಗೋಷ್ಠಿಯ ಅಧ್ಯಕ್ಷತೆಗೆ ನಿವೃತ್ತ ಪ್ರಾಧ್ಯಾಪಕರು, ಪ್ರತಿಕ್ರಿಯೆಗೆ ಬೆಂಗಳೂರಿನ ಚಿಂತಕರು.

‘ನೇಯೋ ಅಕ್ಕಾರನ ಒಬ್ಬರನ್ನ ಕರೀರಲ್ಲ?’

‘ಅವರಿಗೆ ಮಾತಾಡಾಕ ಬರಂಗಿಲ್ರಿ.’

‘ನಿಮಗ ನೇಯಾಕ ಬರತೈತೇನು?’

ಸಂಚಾಲಕರು ಇಂಥ ಪ್ರಶ್ನೆಗಳನ್ನು ಸಂವಾದಕ್ಕೆಂದು ಮೀಸಲಿಡುತ್ತಾರೆ. ಸಂವಾದವನ್ನು ಸಮಯಾಭಾವದಿಂದ ಕೈಬಿಡುತ್ತಾರೆ.

ಇನ್ನು ಧ್ವಜಾರೋಹಣ. ಮಂತ್ರಿಗಳು ಹಾರಿಸಬೇಕು. ಧ್ವಜ ಎಲ್ಲಿಯದು ಎಂದರೆ ಪದಾಧಿಕಾರಿಯೊಬ್ಬರು ಮೊಬೈಲು ತೋರಿಸಿದರು: ‘ಆನ್‌ಲೈನ್‌ದಾಗ ಹೇಳೇವ್ರಿ. ಪಾಲಿಸ್ಟರ್. ಭಾಳ ಸೋವಿ.’ ಕಾನೂನಿನ ತಂಟೆಯೇನೂ ಇಲ್ಲ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಬಟ್ಟೆಗೂ ಪಾಲಿಸ್ಟರಿಗೂ ಒಪ್ಪಿಗೆ ಸಿಕ್ಕಿದೆ. ಮರುವರ್ಷದ ‘ಹರ್ ಘರ್ ತಿರಂಗಾ’ದಲ್ಲಿ ಅದು ಮನೆಮನೆಯ ಮಾಳಿಗೆ ಏರಿದ್ದನ್ನೂ ಕಂಡಿದ್ದೇವೆ. ಹೀಗೆ ಪಾಲಿಸ್ಟರ್ ಧ್ವಜದ ಕೆಳಗೆ ನಿಂತು ಖಾದಿಯ ಸವಾಲುಗಳನ್ನು ಚರ್ಚಿಸುವ ಯೋಗ ಗರಗಕ್ಕೆ ಒದಗಿತು.

ಭಾಷಣಕಾರರಿಗೆ ಟಿಎ, ಡಿಎ. ಕೇಳಲು ಬರುವ ಮಾಸ್ತರರಿಗೆ ಒಒಡಿ, ಅಂದರೆ ಬಂದ ದಿನವೂ ಹಾಜರಿ. ನೇಯುವವಳಿಗೆ ಮೀಟರಿನ ಲೆಕ್ಕದ ಕೂಲಿ, ಅದೂ ಮಗ್ಗದ ಮುಂದೆ ಕೂತರೆ ಮಾತ್ರ. ಅವಳನ್ನು ಪೂರ್ತಿ ಮರೆತರೆ ಟೀಕೆ ಬಂದೀತೆಂದು ಸಮಾರೋಪದಲ್ಲಿ ಶಾಲು ಹೊದಿಸಿ ಸನ್ಮಾನಿಸುವುದೆಂದಾಯಿತು. ಡಜನ್ ಲೆಕ್ಕದಲ್ಲಿ ತಂದ ಪಾಲಿಸ್ಟರ್ ಶಾಲು. ಕರೆಯಲು ಹೋದವರಿಗೆ ಆಕೆ ಮಗ್ಗ ನಿಲ್ಲಿಸದೆ ಹೇಳಿದಳು:

‘ನಾ ಬಂದರ ಒಂದು ದಿನದ ಪಗಾರ ಹೊಕ್ಕೈತ್ರಿ. ಶಾಲ ಮನಿಗೇ ಕಳಸ್ರಿ. ಮಗ್ಗದ ಧೂಳ ಒರಸಾಕ ಬರತೈತೇನ ನೋಡ್ತೀನಿ.’