ಆರೋಹಣ ಮೀಮಾಂಸೆ

ಸ್ಕೀ ರೆಸಾರ್ಟು ಇಳಿಯುವವರ ಸ್ಥಳ, ಹತ್ತಿಸುವುದು ಲಿಫ್ಟಿನ ಕೆಲಸ ಎಂಬುದು ಸರ್ವಸಮ್ಮತ ಮತ. ಹೀಗಿದ್ದೂ ಅಮೆರಿಕದ ಕೊಲರಾಡೊದಲ್ಲಿ ಕೆಲವರು ಬೆಳಕು ಹರಿಯುವ ಮುನ್ನವೇ ಹಣೆಗೆ ದೀಪ ಕಟ್ಟಿಕೊಂಡು, ಇನ್ನೂ ಶುರುವಾಗದ ಲಿಫ್ಟಿನ ತಂತಿಯಡಿಯಲ್ಲೇ ಏದುಸಿರು ಬಿಡುತ್ತ ಗುಡ್ಡ ಹತ್ತುತ್ತಾರೆ. ಇದೇಕೆ? ಪೂರ್ವಸೂರಿಗಳು ಈ ಪ್ರಶ್ನೆಗೆ ಕೈಹಾಕಿದಂತೆ ಕಾಣದ್ದರಿಂದ, ಎರಡು ಮಹಡಿ ಹತ್ತಿದರೆ ಸುಸ್ತಾಗುವ ಪ್ರಸ್ತುತ ಪ್ರಬಂಧಕಾರನು ಆ ಭಾರವನ್ನು ಹೊತ್ತಿದ್ದಾನೆ.

ಮೊದಲು ಪೂರ್ವಪಕ್ಷ. ಲಿಫ್ಟನ್ನು ಅನಾದಿ ಎಂದು ಬಗೆದವರು ಇತಿಹಾಸ ನೋಡಬೇಕು. ಜಗತ್ತಿನ ಮೊದಲ ಚೇರ್‌ಲಿಫ್ಟ್ ಓಡಿದ್ದು 1936ರಲ್ಲಿ, ಐಡಹೊ ರಾಜ್ಯದ ಸನ್ ವ್ಯಾಲಿಯಲ್ಲಿ. ಅದನ್ನು ರೂಪಿಸಿದ ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ಜೇಮ್ಸ್ ಕರನ್‌ಗೆ ಪ್ರೇರಣೆಯಾದದ್ದು ಹಡಗಿಗೆ ಬಾಳೆಗೊನೆ ತುಂಬುವ ಯಂತ್ರ. ಕೊಕ್ಕೆ ಹೋಗಿ ಕುರ್ಚಿ ಬಂತು, ಗೊನೆ ಹೋಗಿ ಮನುಷ್ಯ ಬಂದ. ಆದ್ದರಿಂದ ಲಿಫ್ಟಿನಲ್ಲಿ ಕೂತವನು ತತ್ತ್ವತಃ ಬಾಳೆಗೊನೆಯೇ ಎಂಬುದು ಸಿದ್ಧ. ಭೇದ ಒಂದೇ: ಗೊನೆ ಟಿಕೆಟ್ ಕೊಳ್ಳುತ್ತಿರಲಿಲ್ಲ. ಕೊಲರಾಡೊದ ವೇಲ್ ರೆಸಾರ್ಟಿನಲ್ಲಿ ಮುಂಗಡವಾಗಿ ಕೊಳ್ಳದೆ ಕಿಟಕಿಯ ಮುಂದೆ ಹೋಗಿ ನಿಂತವನಿಗೆ ಒಂದು ದಿನದ ಟಿಕೆಟ್ಟು 300 ಡಾಲರ್ ದಾಟಿದ್ದುಂಟು.

ಇನ್ನು ಪಾದಾರೋಹಿಗಳ ಸಾಧನ ವಿಚಾರ. ಸ್ಕೀ ಎಂದರೆ ಜಾರುವ ವಸ್ತು. ಜಾರುವುದನ್ನು ಕಟ್ಟಿಕೊಂಡು ಮೇಲೇರುವುದು ಹೇಗೆ? ಸ್ಕೀಯ ಅಡಿಗೆ 'ಸ್ಕಿನ್' ಎಂಬ ತುಪ್ಪಳದ ಪಟ್ಟಿ ಅಂಟಿಸುತ್ತಾರೆ. ಹಿಂದೆ ಸೀಲ್ ಪ್ರಾಣಿಯ ಚರ್ಮ, ಈಗ ಅಂಗೋರಾ ಮೇಕೆಯ ಕೂದಲು ಅಥವಾ ನೈಲಾನ್. ಬೆಕ್ಕಿನ ಬೆನ್ನು ಸವರಿದ ಹಾಗೆ, ಒಂದು ಕಡೆಗೆ ನಯ, ಎದುರು ಸವರಿದರೆ ತಡೆ. ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬರುವುದಿಲ್ಲ. ಬೂಟಿನ ಮುಂಗಾಲಷ್ಟೇ ಬಿಗಿಯಾಗಿದ್ದು ಹಿಮ್ಮಡಿ ಸಡಿಲ. ತುದಿ ಮುಟ್ಟಿದ ಮೇಲೆ ಪಟ್ಟಿಯನ್ನು ಚರ್ರನೆ ಕಿತ್ತು, ಅಂಟಿಗೆ ಅಂಟು ಸೇರುವಂತೆ ಮಡಿಸಿ, ಅಂಟು ಚಳಿಗೆ ಸೆಡೆಯದಿರಲೆಂದು ಜಾಕೆಟ್ಟಿನ ಒಳಗೆ ತುರುಕಿಕೊಳ್ಳುತ್ತಾರೆ. ಆಮೇಲೆ ಹಿಮ್ಮಡಿ ಬಿಗಿದು, ಒಂದು ಗಂಟೆ ಹತ್ತಿದ್ದನ್ನು ಕೆಲವೇ ನಿಮಿಷದಲ್ಲಿ ಇಳಿದುಬಿಡುತ್ತಾರೆ. ಈ ಲೆಕ್ಕಾಚಾರವನ್ನು ಅರ್ಥಶಾಸ್ತ್ರ ವಿವರಿಸಲಾರದು, ವೇದಾಂತಕ್ಕೆ ಬಿಟ್ಟದ್ದು.

ಆಕ್ಷೇಪವೊಂದುಂಟು, ಅದು ತಮಾಷೆಯದಲ್ಲ. ರಾತ್ರಿ ಹೊತ್ತು ಹಿಮ ಸಮ ಮಾಡುವ ಯಂತ್ರಗಳು ಕಡಿದಾದ ಇಳಿಜಾರಿನಲ್ಲಿ ಉಕ್ಕಿನ ಹಗ್ಗಕ್ಕೆ ಜೋತು ಕೆಲಸ ಮಾಡುತ್ತವೆ. ಬೆರಳು ದಪ್ಪದ ಆ ಹಗ್ಗ ಕತ್ತಲಲ್ಲಿ ಕಣ್ಣಿಗೆ ಬೀಳದು, ಬಿಗಿಯಾದೊಡನೆ ಹಿಮದಿಂದ ಚಿಮ್ಮಿ ಮೇಲೇಳುತ್ತದೆ. ಎದುರಿಗಿದ್ದವನ ಪ್ರಾಣಕ್ಕೇ ಸಂಚಕಾರ. ಆದಕಾರಣ ಇಂಥ ದಾರಿಯಲ್ಲಿ, ಇಂಥ ಹೊತ್ತಿನಲ್ಲಿ ಮಾತ್ರ ಹತ್ತಿ ಎಂದು ರೆಸಾರ್ಟುಗಳು ಹೇಳಿದರೆ ಪಾದಾರೋಹಿಗಳು ಬಾಯಿ ಮುಚ್ಚಿಕೊಂಡು ಕೇಳತಕ್ಕದ್ದು.

ಆದರೆ ಹತ್ತುವವರೂ ದುಡ್ಡು ಕೊಟ್ಟು ಪಾಸು ಕೊಳ್ಳಬೇಕೇ ಎಂಬ ಪ್ರಶ್ನೆಯಲ್ಲಿ ವಾದ ಮುಗಿದಿಲ್ಲ. ಕೊಲರಾಡೊದ ಬಹುಪಾಲು ದೊಡ್ಡ ರೆಸಾರ್ಟುಗಳು ನಿಂತಿರುವುದು ಸರ್ಕಾರಿ ಅರಣ್ಯಭೂಮಿಯಲ್ಲಿ, ಪರವಾನಗಿಯ ಮೇಲೆ. ಗುಡ್ಡ ಜನರದ್ದು, ನಾವು ಲಿಫ್ಟ್ ಮುಟ್ಟುವವರೂ ಅಲ್ಲ, ದುಡ್ಡೇಕೆ ಎನ್ನುತ್ತಾರೆ ಹತ್ತುವವರು. ಇಳಿಯುವಾಗ ನುಣುಪಾದ ಹಿಮ ಬೇಕಲ್ಲ, ಕಾಲು ಮುರಿದರೆ ನಮ್ಮ ಗಸ್ತಿನವರೇ ಬರಬೇಕಲ್ಲ ಎನ್ನುತ್ತದೆ ಆಡಳಿತ. ಅಂತೂ ಆಸ್ಪೆನ್, ಅರಪಾಹೊ ಬೇಸಿನ್‌ಗಳಲ್ಲಿ ಹತ್ತುವುದಕ್ಕೇ ಬೇರೆ ಪಾಸು ಬಂದಿದೆ. ಎತ್ತಿಕೊಂಡು ಹೋಗುವುದಕ್ಕೂ ದುಡ್ಡು, ಎತ್ತದೆ ಬಿಡುವುದಕ್ಕೂ ದುಡ್ಡು: ವ್ಯಾಪಾರದಲ್ಲಿ ಇದಕ್ಕಿಂತ ಶುದ್ಧವಾದ ಅದ್ವೈತ ಪ್ರಬಂಧಕಾರನ ಗಮನಕ್ಕೆ ಬಂದಿಲ್ಲ. ಲಿಫ್ಟೇ ಇಲ್ಲದ ರೆಸಾರ್ಟನ್ನೂ ಒಮ್ಮೆ ನಡೆಸಿ ನೋಡಿದರು. ಬ್ಲೂಬರ್ಡ್ ಬ್ಯಾಕ್‌ಕಂಟ್ರಿ ಎಂಬ ಅದು 2020ರಲ್ಲಿ ತೆರೆದು 2023ರಲ್ಲಿ ಬಾಗಿಲು ಹಾಕಿತು. ಬಾಳೆಗೊನೆಗಳಿಲ್ಲದೆ ಮಂಡಿ ನಡೆಯದು ಎಂದು ಅನುಮಾನ ಪ್ರಮಾಣದಿಂದ ತಿಳಿಯಬಹುದು.

2026ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಈ ಹತ್ತುವ ವಿದ್ಯೆಗೆ ಮೊದಲ ಬಾರಿ ಸ್ಥಾನ ಸಿಕ್ಕಿದ್ದು ಇಟಲಿಯ ಬೊರ್ಮಿಯೊದಲ್ಲಿ. ಪುರುಷರ ಡೌನ್‌ಹಿಲ್ ಸ್ಪರ್ಧೆ ನಡೆದದ್ದೂ ಅದೇ ಊರಲ್ಲೇ. ಅಲ್ಲಿ ಇಳಿದವರಿಗೆ ಪದಕ ಕೊಟ್ಟರು, ಅವರನ್ನು ಮೇಲಕ್ಕೆ ಹೊತ್ತೊಯ್ದ ಲಿಫ್ಟಿಗೆ ಮಾತ್ರ ಏನೂ ಇಲ್ಲ. ಮುಂದಿನ ಕ್ರೀಡಾಕೂಟದೊಳಗೆ ಸಂಬಂಧಪಟ್ಟವರು ಈ ಲೋಪವನ್ನು ಸರಿಪಡಿಸಬೇಕಾಗಿ ವಿನಂತಿ.