ಸೀಬೆ ಜಾಮಿನ ಸಮಪಾಲು

ಹಿತ್ತಲ ಸೀಬೆಮರ ಕಾಯಿ ಬಿಡದಿದ್ದಾಗ ನೆರಳು, ಬಿಟ್ಟಾಗ ತಲೆನೋವು. ನಂಜನಗೂಡಿನ ಸೀಮೆಯ ಹೆಡತಲೆಯಂಥ ಊರಲ್ಲಿ ಒಬ್ಬರ ಮನೆಯ ಸೀಬೆ ಹಣ್ಣಾಯಿತೆಂದರೆ ಇಡೀ ಬೀದಿಯ ಸೀಬೆ ಹಣ್ಣಾಯಿತೆಂದೇ ಲೆಕ್ಕ. ಬಾವಲಿ ತಿಂದು, ಗಿಳಿ ಕುಕ್ಕಿ, ಹುಡುಗರು ಕಲ್ಲು ಬೀರಿ ಉಳಿದದ್ದನ್ನು ಚೀಲಕ್ಕೆ ತುಂಬಿ ಪಕ್ಕದ ಮನೆಗೆ ಹೊರಟರೆ, ಅವರೂ ಒಂದು ಚೀಲ ಹಿಡಿದುಕೊಂಡು ಎದುರಾಗುತ್ತಾರೆ. ಆಗ ಯಾರಾದರೂ ‘ಜಾಮ್ ಮಾಡಿಬಿಡಿ, ಹಣ್ಣೂ ಉಳಿಯುತ್ತೆ, ದುಡ್ಡೂ ಉಳಿಯುತ್ತೆ’ ಅನ್ನುತ್ತಾರೆ. ಮಾಡಬೇಕು, ನಿಜ. ಆದರೆ ಅವರು ಹೇಳುವ ಎರಡು ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಒಂದು ಕಿಲೋ ಸೀಬೆ ತಿರುಳಿಗೆ ಮುಕ್ಕಾಲು ಕಿಲೋ ಸಕ್ಕರೆ ಬೇಕು. ಜಾಮ್ ಕೆಡದೆ ನಿಲ್ಲಬೇಕಾದರೆ ಅದರಲ್ಲಿ ನೂರಕ್ಕೆ 65 ಪಾಲು ಸಕ್ಕರೆಯ ಸಾಂದ್ರತೆ ಇರಬೇಕು. ಹಾಗೆ ಬತ್ತಿಸಿದಾಗ ಕೈಗೆ ಸಿಗುವುದು ಸುಮಾರು 1.3 ಕಿಲೋ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಂಗಡಿಯಿಂದ ತಂದ ಸಕ್ಕರೆ. ಅಂದರೆ ಪುಕ್ಕಟೆ ಹಣ್ಣನ್ನು ಉಳಿಸಲು ಕಾಸು ಕೊಟ್ಟು ಸಕ್ಕರೆ ತಂದ ಹಾಗಾಯಿತು. ಗ್ಯಾಸು, ನಿಂಬೆಹಣ್ಣು, ಬೀಜ ಸೋಸುವ ಕೈನೋವು ಬೇರೆ. ಇಷ್ಟರ ಮೇಲೆ ಪುಸ್ತಕ ನಂಬಿದವರ ಪಾಡು ಇನ್ನೂ ಕಷ್ಟ. 105 ಡಿಗ್ರಿಗೆ ಇಳಿಸಿ ಎಂದು ಬರೆದಿರುವುದು ಸಮುದ್ರಮಟ್ಟದವರಿಗೆ. 650 ಮೀಟರಿನ ಆಸುಪಾಸಿನಲ್ಲಿರುವ ನಂಜನಗೂಡಿನ ಸೀಮೆಯಲ್ಲಿ ನೀರು 98ರ ಸುಮಾರಿಗೇ ಕುದಿಯುವುದರಿಂದ ಜಾಮಿನ ಪಾಕ 103ಕ್ಕೇ ಬಂದಿರುತ್ತದೆ. 105ರ ತನಕ ಕಾದವರ ಸೌಟು ಪಾತ್ರೆಯಲ್ಲೇ ಕಂಬವಾಗುತ್ತದೆ. ಥರ್ಮಾಮೀಟರಿಗಿಂತ ಕಣ್ಣೇ ವಾಸಿ. ಸೌಟನ್ನು ಓರೆಯಾಗಿ ಹಿಡಿದಾಗ ಪಾಕ ತೊಟ್ಟು ತೊಟ್ಟಾಗಿ ಬೀಳುವುದು ಬಿಟ್ಟು, ಎರಡು ಹನಿ ಅಂಚಿನಲ್ಲಿ ಕೂಡಿಕೊಂಡು ಹಾಳೆಯಂತೆ ಜಾರಿತೆಂದರೆ ಆಯಿತು, ಒಲೆ ಆರಿಸಿ.

ಹಾಗಾದರೆ ಈ ನಷ್ಟದ ಬಾಬತ್ತು ಯಾಕೆ? ಹಂಚುವುದಕ್ಕೆ. ಹೆಡತಲೆಯ ಲಕ್ಷ್ಮೀಕಾಂತ ದೇವಸ್ಥಾನಕ್ಕೆ ಹೋದವರು ಅಲ್ಲಿಯ ಹದಿನಾರು ಮುಖದ ಚಾವಡಿಯ ಕಥೆ ಕೇಳಿರುತ್ತಾರೆ: ಹದಿನಾರು ಅಳಿಯಂದಿರಿದ್ದ ದೊರೆಯೊಬ್ಬ ಅವರೆಲ್ಲ ಸರಿಸಮನಾಗಿ ಕೂರಲೆಂದೇ ಕಟ್ಟಿಸಿದ್ದಂತೆ. ಐತಿಹ್ಯ ಎಷ್ಟು ನಿಜವೋ, ಮಾವನ ಸಂಕಟವಂತೂ ನಿಜವೇ. ಒಬ್ಬ ಅಳಿಯ ಮೇಲೆ, ಇನ್ನೊಬ್ಬ ಕೆಳಗೆ ಕೂತರೆ ಮನೆ ಉಳಿಯುವುದುಂಟೆ? ಸೀಬೆಹಣ್ಣಿನದೂ ಅದೇ ತಕರಾರು. ಒಂದು ದಪ್ಪ, ಒಂದು ಗೋಲಿ ಗಾತ್ರ, ಒಂದು ಗಿಳಿ ಕುಕ್ಕಿದ್ದು. ಎಷ್ಟೇ ಸಮನಾಗಿ ಹಂಚಿದರೂ ನಾದಿನಿಗೆ ಹೋದ ಚೀಲದಲ್ಲೇ ಹುಳುಕು ಹಣ್ಣು ಇರುತ್ತದೆ. ಜಾಮ್ ಮಾಡಿದರೆ ಈ ಜಾತಿಭೇದವೆಲ್ಲ ಪಾತ್ರೆಯೊಳಗೇ ಕರಗಿಹೋಗುತ್ತದೆ. ಯಾರ ಬಾಟಲಿ ನೋಡಿದರೂ ಒಂದೇ ಬಣ್ಣ, ಒಂದೇ ಮಟ್ಟ. ಚೀಲ ಕಂಡು ಬಾಗಿಲು ಹಾಕಿಕೊಂಡವರೂ ಬಾಟಲಿಗೆ ಕೈ ಚಾಚುತ್ತಾರೆ. ಮೇಲಾಗಿ, ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಿಯಮ ನಮ್ಮಲ್ಲಿದೆ. ಹೋದ ಬಾಟಲಿ ಉಪ್ಪಿನಕಾಯಿಯೋ ಚಟ್ನಿಪುಡಿಯೋ ತುಂಬಿಕೊಂಡು ಬರುತ್ತದೆ. ಜಾಮಿನ ಲಾಭ ಇರುವುದು ಇಲ್ಲಿ.

ಸಕ್ಕರೆ ಕಾಯಿಲೆಯ ಕಾಲದಲ್ಲಿ ಇದೆಂಥ ಉಪದೇಶ ಎನ್ನುವವರ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ: ಮನೆಯಲ್ಲೇ ಇಟ್ಟುಕೊಂಡರೆ ಅಪಾಯ, ಹಂಚಿದರೆ ತಲೆಗೊಂದು ಚಮಚ. ಬೆಲ್ಲ ಹಾಕಿ ಆರೋಗ್ಯವಂತರಾಗುತ್ತೇವೆ ಎನ್ನುವವರಿಗೆ, ಬೆಲ್ಲದಲ್ಲೂ ಇರುವುದು ಬಹುಪಾಲು ಸಕ್ಕರೆಯೇ ಎಂದು ನೆನಪಿಸಿದರೆ ಸಾಕು. ಬ್ರೆಡ್ ತಿನ್ನದ ಮನೆಗೆ ಜಾಮ್ ಯಾಕೆ ಎಂದರೆ, ಚಪಾತಿಗೆ ಸವರಿ ಸುರುಳಿ ಸುತ್ತಿಸಿಕೊಳ್ಳುವ ಮಕ್ಕಳನ್ನು ಕೇಳಿ. ಕೊನೆಯ ಆಕ್ಷೇಪ ಊರಿನ ಅಭಿಮಾನದ್ದು: ನಂಜನಗೂಡಿನವರಾಗಿ ರಸಬಾಳೆ ಬಿಟ್ಟು ಸೀಬೆಗೆ ಜೋತುಬೀಳುವುದೇ? ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆ ಬಾಳೆಯ ತೋಟಗಳು ಪನಾಮ ಸೊರಗು ರೋಗಕ್ಕೆ ಸಿಕ್ಕಿ ಕುಗ್ಗಿಹೋಗಿವೆ. ಹುಡುಕಿದರೂ ಸಿಗದ ಹಣ್ಣನ್ನು ಕುದಿಸಿ ಅದರ ಘಮವನ್ನು ಆವಿ ಮಾಡುವುದು ಅಭಿಮಾನವಲ್ಲ, ದುಂದು. ಜಾಮಿಗೆ ಬರಬೇಕಾದದ್ದು ಬೇಡವೆಂದರೂ ಬಂದು ಬೀಳುವ ಹಣ್ಣು. ಸೀಬೆಯಲ್ಲಿ ಪೆಕ್ಟಿನ್ ಧಾರಾಳವಾಗಿರುವುದರಿಂದ ಅದು ತಾನಾಗಿಯೇ ಗಟ್ಟಿಯಾಗುತ್ತದೆ. ಅರೆಹಣ್ಣನ್ನೂ ನಾಲ್ಕು ಸೇರಿಸಿದರೆ ಇನ್ನೂ ಚೆನ್ನು.

ಆದ್ದರಿಂದ ರಸಬಾಳೆ ಸಿಕ್ಕರೆ ಸುಲಿದು ತಿನ್ನಿ, ಸೀಬೆ ಸುರಿದರೆ ಜಾಮ್ ಮಾಡಿ ಹಂಚಿ. ಪಡೆದವರು ಬಾಟಲಿ ತೊಳೆದು ವಾಪಸ್ ಕೊಡಿ; ಖಾಲಿ ಮಾತ್ರ ಕೊಡಬೇಡಿ.